ಎಂಡಿಎಫ್ ಲೆಕ್ಕ ಮತ್ತು ದೊಡ್ಡಪ್ಪನ ನೀಲಗಿರಿ ತೋಪು

ಜಿಲ್ಲಾ ಸ್ಟ್ರಿಂಗರ್‌ಗಳಿಗೆ ಅಂಕಿ-ಅಂಶದ ಸುದ್ದಿ ಎಂದರೆ ಒಂದೇ ಅಚ್ಚು. ಹೋದ ವರ್ಷ ಇಷ್ಟು, ಈ ವರ್ಷ ಇಷ್ಟು. ನಮ್ಮಲ್ಲಿ ಇಷ್ಟು, ಪಕ್ಕದವರಲ್ಲಿ ಇಷ್ಟು. ಮಳೆ, ರಾಗಿ, ಎಸ್ಸೆಸ್ಸೆಲ್ಸಿ ಫಲಿತಾಂಶ, ಎಲ್ಲಕ್ಕೂ ಇದೇ. ಹಾಗಾಗಿ ಡೆಸ್ಕಿನಿಂದ ಫೋನ್ ಮಾಡಿ, "ನಿಮ್ಮ ಚಿಕ್ಕಮಗಳೂರಲ್ಲಿ ಎಂಡಿಎಫ್ ಕಾರ್ಖಾನೆ ಇದೆಯಲ್ಲ, ಆಂಧ್ರದಲ್ಲೂ ದೊಡ್ಡ ದೊಡ್ಡವು ಬಂದಿವೆ, ಹೋಲಿಸಿ 300 ಪದ ಕೊಡಿ" ಎಂದಾಗ ನನಗೇನೂ ಕಷ್ಟ ಅನ್ನಿಸಲಿಲ್ಲ. ಕೊಟ್ಟೆ, ಅಚ್ಚಾಯಿತು.

ಆ ಸುದ್ದಿಯನ್ನು ಓದಿದ ದೊಡ್ಡಪ್ಪ ಕೇಳಿದ ಪ್ರಶ್ನೆಗೆ ಮಾತ್ರ 300 ಪದದಲ್ಲಿ ಉತ್ತರ ಇರಲಿಲ್ಲ. ಕಡೂರು ಕಡೆಯ ಒಣಭೂಮಿಯಲ್ಲಿ ಅವರದು ಮೂರು ಎಕರೆ ನೀಲಗಿರಿ. ಎರಡು ಸಲ ಕಡಿಸಿ ಆಗಿದೆ, ಈಗಿರುವುದು ಎರಡನೇ ಕೂಳೆ. "ನೀನು ಪೇಪರ್‌ಗೆ ಬರೆಯೋನು, ಹೇಳಪ್ಪ. ಫ್ಯಾಕ್ಟ್ರಿಗಳು ಇಷ್ಟು ದೊಡ್ಡವು ಆಗ್ತಾ ಇದ್ರೆ ನಮ್ ಮರಕ್ಕೂ ರೇಟ್ ಏರ್ಬೇಕಲ್ವಾ? ಇಟ್ಕೊಳ್ಳೋದಾ, ಕೀಳ್ಸೋದಾ?" ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಹಾಗೇ ಹಳ್ಳಿ ಕಡೆ ವರದಿ ಮಾಡುವ ಗೆಳೆಯರಿಗೆ ಉಪಯೋಗಕ್ಕೆ ಬಂದೀತು.

ಮೊದಲು ವಸ್ತು ಯಾವುದು ಎಂದು ನೋಡೋಣ. ಮರವನ್ನು ಕೊಯ್ದರೆ ಹಲಗೆ. ತೆಳುವಾಗಿ ಸುಲಿದು ಪದರ ಪದರವಾಗಿ ಅಂಟಿಸಿದರೆ ಪ್ಲೈವುಡ್. ನಾರು ನಾರಾಗಿ ಬಿಡಿಸಿ ಮತ್ತೆ ಒತ್ತಿ ಹಲಗೆ ಮಾಡಿದರೆ ಫೈಬರ್ ಬೋರ್ಡ್. ಮಾಡ್ಯುಲರ್ ಕಿಚನ್ನಿನ ಬಾಗಿಲು, ಟಿವಿ ಸ್ಟ್ಯಾಂಡು, ಆನ್‌ಲೈನಿನಲ್ಲಿ ತರಿಸಿ ನಾವೇ ಸ್ಕ್ರೂ ಹಾಕಿಕೊಳ್ಳುವ ಕಪಾಟು, ಇವುಗಳಲ್ಲಿ ಇರುವುದು ಬಹುಪಾಲು ಇದು ಅಥವಾ ಇದರ ತಮ್ಮನಾದ ಪಾರ್ಟಿಕಲ್ ಬೋರ್ಡು. ಕಾರ್ಖಾನೆಯಲ್ಲಿ ಮರದ ತೊಗಟೆ ತೆಗೆದು, ಚಕ್ಕೆ ಮಾಡಿ, ಹಬೆಯಲ್ಲಿ ಬೇಯಿಸಿ, ತಿರುಗುವ ಎರಡು ಉಕ್ಕಿನ ತಟ್ಟೆಗಳ ನಡುವೆ ಅರೆದು ನಾರು ತೆಗೆಯುತ್ತಾರೆ. ಅದಕ್ಕೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಸೇರಿಸಿ, ಬಿಸಿಗಾಳಿಯಲ್ಲಿ ಒಣಗಿಸಿ, ಹಾಸಿಗೆಯಂತೆ ಹರಡಿ, ಬಿಸಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಪ್ಲೈವುಡ್ಡಿಗೆ ದಪ್ಪ, ನೇರ ಕಾಂಡ ಬೇಕು. ಇದಕ್ಕೆ ತೋಳು ಗಾತ್ರದ ಗಳ ಸಾಕು, ಕೊಂಬೆ, ತುದಿ, ಪ್ಲೈವುಡ್ ಮಿಲ್ಲಿನ ಉಳಿಕೆಯೂ ನಡೆಯುತ್ತದೆ. ಈ ಕೊನೆಯ ಮಾತು ಮುಖ್ಯ. ಫೈಬರ್ ಬೋರ್ಡಿನ ಇಡೀ ಚರಿತ್ರೆ ‘ಉಳಿಕೆ’ ಎಂಬ ಪದದ ಮೇಲೆ ನಿಂತಿದೆ.

ಲೆಕ್ಕ ಹೋಲಿಸಲು ಕೂತರೆ ಮೊದಲು ಸಿಗುವುದು ಗೊಂದಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1961ರಿಂದ ದೇಶವಾರು ಅಂಕಿ ಇಟ್ಟಿದೆ. ಆದರೆ 1994ರವರೆಗೆ ಒತ್ತಿದ ಫೈಬರ್ ಬೋರ್ಡೆಲ್ಲ ಒಂದೇ ಸಾಲಿನಲ್ಲಿದೆ. 1995ರಿಂದ ಹಾರ್ಡ್‌ಬೋರ್ಡ್ ಬೇರೆ, ಎಂಡಿಎಫ್ ಬೇರೆ. ಇದನ್ನು ಗಮನಿಸದೆ ಗ್ರಾಫ್ ಎಳೆದರೆ ಎಂಡಿಎಫ್ ಎನ್ನುವುದು 1995ರಲ್ಲಿ ದಿಢೀರನೆ ಹುಟ್ಟಿದ ಹಾಗೆ ಕಾಣುತ್ತದೆ. ಎರಡನೆಯದು ಅಳತೆ. ಲೆಕ್ಕ ಇರುವುದು ಘನ ಮೀಟರಿನಲ್ಲಿ, ಅಂಗಡಿಯಲ್ಲಿ ವ್ಯಾಪಾರ ಶೀಟಿನಲ್ಲಿ. 18 ಎಂಎಂ ದಪ್ಪದ ಎಂಟು-ನಾಲ್ಕರ ಶೀಟಾದರೆ ಒಂದು ಘನ ಮೀಟರಿಗೆ 18-19 ಬರುತ್ತವೆ. ಅದೇ 3 ಎಂಎಂ ಆದರೆ 110ಕ್ಕಿಂತ ಹೆಚ್ಚು. ಶೀಟು ಎಣಿಸಿದವನಿಗೂ ಘನ ಮೀಟರ್ ಎಣಿಸಿದವನಿಗೂ ಒಂದೇ ಕಾರ್ಖಾನೆ ಬೇರೆ ಬೇರೆಯಾಗಿ ಕಾಣುತ್ತದೆ. ಮೂರನೆಯದು, ಕಂಪನಿಗಳು ಹೇಳುವುದು ಸಾಮರ್ಥ್ಯ, ಸರ್ಕಾರಗಳು ಕೊಡುವುದು ಉತ್ಪಾದನೆ. ನಮ್ಮ ಪತ್ರಿಕೆಗಳಲ್ಲಿ ಇವೆರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿ ಹೋಲಿಸುವುದು ಮಾಮೂಲು.

ಇಷ್ಟನ್ನು ಬದಿಗಿಟ್ಟುಕೊಂಡು ನೋಡಿದರೆ, ಯಾವ ಪ್ರದೇಶದಲ್ಲಿ ಯಾವಾಗ ಈ ಉದ್ಯಮ ಬೆಳೆಯಿತು ಎನ್ನುವುದರ ಹಿಂದೆ ಒಂದೇ ಪ್ರಶ್ನೆ ಕಾಣುತ್ತದೆ: ಅಲ್ಲಿ ಆಗ ಯಾವ ಮರ ಅಗ್ಗವಾಗಿ ಬಿದ್ದಿತ್ತು?

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಲಾರೆಲ್ ಊರಿನಲ್ಲಿ ದೊಡ್ಡ ದೊಡ್ಡ ಸಾಮಿಲ್ಲುಗಳಿದ್ದವು. ಪೈನ್ ಕಾಡು ಕರಗುತ್ತಿತ್ತು, ಮಿಲ್ಲಿನ ಹಿಂದೆ ಚಕ್ಕೆ-ಪುಡಿಯ ಗುಡ್ಡೆ ಬೆಳೆಯುತ್ತಿತ್ತು. ಥಾಮಸ್ ಎಡಿಸನ್ ಬಳಿ ಕೆಲಸ ಮಾಡಿದ್ದ ವಿಲಿಯಂ ಮೇಸನ್ 1924ರಲ್ಲಿ ಆ ಚಕ್ಕೆಯನ್ನು ಹಬೆಯ ಒತ್ತಡದಲ್ಲಿಟ್ಟು ಒಮ್ಮೆಲೇ ಬಿಟ್ಟು ನಾರು ಮಾಡಿ, ಒತ್ತಿ, ಹಾರ್ಡ್‌ಬೋರ್ಡ್ ತಯಾರಿಸಿದ. ಮರದೊಳಗಿನ ಲಿಗ್ನಿನ್ ಎಂಬ ಅಂಶವೇ ನಾರನ್ನು ಹಿಡಿದುಕೊಳ್ಳುವುದರಿಂದ ಹೊರಗಿನ ಅಂಟಿನ ಗೊಡವೆ ಅಷ್ಟಾಗಿ ಇರಲಿಲ್ಲ. ಅದಕ್ಕೂ ಸ್ವಲ್ಪ ಮೊದಲು ಲೂಸಿಯಾನಾದಲ್ಲಿ ಕಬ್ಬಿನ ಸಿಪ್ಪೆಯಿಂದ ಮೆದು ಬೋರ್ಡ್ ಮಾಡುವ ಸೆಲೊಟೆಕ್ಸ್ ಕಾರ್ಖಾನೆ ಶುರುವಾಗಿತ್ತು. ಮಂಡ್ಯದವರು, ಬೆಳಗಾವಿಯವರು ಗಮನಿಸಬೇಕು. ಅಲ್ಲಿನ ಉಳಿಕೆ ಸಿಪ್ಪೆ, ಇಲ್ಲಿನ ಉಳಿಕೆ ಪೈನ್ ಚಕ್ಕೆ. ಸ್ವೀಡನ್ ಕೂಡ ತನ್ನ ಸಾಮಿಲ್ಲುಗಳ ಉಳಿಕೆಯಿಂದಲೇ ಕೆಲವು ದಶಕ ಈ ಉದ್ಯಮದಲ್ಲಿ ಮುಂದಿತ್ತು. ಆದರೆ ಹಾರ್ಡ್‌ಬೋರ್ಡ್ ಮಾಡುವ ಹಳೇ ವಿಧಾನಕ್ಕೆ ನೀರು ಬಹಳ ಬೇಕು, ಹೊರಬರುವ ಕೊಳೆ ನೀರೂ ಬಹಳ. 1970ರ ದಶಕದ ನಂತರ ಇಂಧನ ದುಬಾರಿಯಾಗಿ, ನೀರಿನ ನಿಯಮ ಬಿಗಿಯಾದ ಮೇಲೆ ಅಲ್ಲಿನ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು.

ಅಷ್ಟು ಹೊತ್ತಿಗೆ ಒಣ ವಿಧಾನದ ಎಂಡಿಎಫ್ ಬಂದಿತ್ತು. 1960ರ ದಶಕದ ನಡುವೆ ನ್ಯೂಯಾರ್ಕ್ ರಾಜ್ಯದ ಡಿಪಾಸಿಟ್ ಎಂಬ ಸಣ್ಣ ಊರಿನಲ್ಲಿ ಶುರುವಾದದ್ದು 1970ರ ದಶಕದಲ್ಲಿ ಯುರೋಪಿಗೂ ನ್ಯೂಜಿಲೆಂಡಿಗೂ ಹೋಯಿತು. ನ್ಯೂಜಿಲೆಂಡಿನಲ್ಲಿ ಅವರೇ ನೆಟ್ಟು ಬೆಳೆಸಿದ ರೇಡಿಯಾಟ ಪೈನ್ ಇತ್ತು. ಮಲೇಷ್ಯಾದಲ್ಲಿ ರಬ್ಬರ್ ಇತ್ತು. ಹಾಲು ಕಡಿಮೆಯಾದ, ಇಪ್ಪತ್ತೈದು-ಮೂವತ್ತು ವರ್ಷದ ರಬ್ಬರ್ ಮರವನ್ನು ಮೊದಲು ಸೌದೆ ಮಾಡುತ್ತಿದ್ದರು, ಇಲ್ಲ ಸುಡುತ್ತಿದ್ದರು. 1990ರ ದಶಕದಲ್ಲಿ ಅದು ಎಂಡಿಎಫ್ ಆಗಿ ಹಡಗು ಹತ್ತಿತು. ಥಾಯ್ಲೆಂಡ್ ಅದೇ ದಾರಿ ಹಿಡಿಯಿತು.

ಚೀನಾದ ಕಥೆ ಬೇರೆ ಗಾತ್ರದ್ದು. 1998ರ ಯಾಂಗ್ಟ್ಸಿ ಪ್ರವಾಹದ ನಂತರ ಅಲ್ಲಿನ ಸರ್ಕಾರ ನೈಸರ್ಗಿಕ ಕಾಡು ಕಡಿಯುವುದಕ್ಕೆ ಕಡಿವಾಣ ಹಾಕಿತು. ಉದ್ಯಮ ಹೊಲದ ಮರಕ್ಕೆ ತಿರುಗಿತು. ಶಾಂಡೋಂಗ್, ಜಿಯಾಂಗ್ಸು ಬಯಲಿನಲ್ಲಿ ಪಾಪ್ಲರ್, ದಕ್ಷಿಣದ ಗುವಾಂಗ್ಷಿಯಲ್ಲಿ ನೀಲಗಿರಿ. 2000ದ ದಶಕದಲ್ಲಿ ಚೀನಾ ಉಳಿದವರನ್ನೆಲ್ಲ ಹಿಂದೆ ಹಾಕಿತು. ಮುಂದಿನ ದಶಕದಲ್ಲಿ ಅದರದೇ ಲೆಕ್ಕದಂತೆ ವರ್ಷಕ್ಕೆ 6 ಕೋಟಿ ಘನ ಮೀಟರಿಗೂ ಹೆಚ್ಚು ಫೈಬರ್ ಬೋರ್ಡ್ ತಯಾರಾಗಿದೆ. ಜಗತ್ತಿನ ಒಟ್ಟು ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ದೇಶದ್ದು. ಇಷ್ಟು ದೊಡ್ಡದಾದ ಮೇಲೆ ಉಳಿಕೆ ಸಾಲುವುದಿಲ್ಲ. ಮಿಲ್ಲಿಗಾಗಿಯೇ ಮರ ನೆಡಬೇಕಾಗುತ್ತದೆ. ಉಳಿಕೆಯಿಂದ ಹುಟ್ಟಿದ ಉದ್ಯಮ ಬೆಳೆ ಕೇಳಲು ಶುರುಮಾಡುವ ಘಟ್ಟ ಇದು. ನಮ್ಮ ದೇಶ ಈಗ ಅದೇ ಘಟ್ಟದಲ್ಲಿದೆ.

ಭಾರತದಲ್ಲಿ ದಾರಿ ತಿರುಗಿಸಿದ್ದು ಎರಡು ತೀರ್ಮಾನಗಳು. 1988ರ ರಾಷ್ಟ್ರೀಯ ಅರಣ್ಯ ನೀತಿ, ಕಾರ್ಖಾನೆಗಳು ಕಾಡಿನ ಮರವನ್ನು ರಿಯಾಯಿತಿಗೆ ಪಡೆಯುವುದು ನಿಲ್ಲಬೇಕು, ರೈತರಿಂದ ಬೆಳೆಸಿಕೊಳ್ಳಬೇಕು ಎಂದಿತು. 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಈಶಾನ್ಯದ ಸಾಮಿಲ್ಲು, ಪ್ಲೈವುಡ್ ಮಿಲ್ಲುಗಳಿಗೆ ಬೀಗ ಹಾಕಿಸಿತು. ಮರದ ಉದ್ಯಮ ಕಾಡಿನ ಅಂಚಿನಿಂದ ಹೊಲದ ಅಂಚಿಗೆ ಬಂತು. ಪಾಪ್ಲರ್ ಇದ್ದ ಹರಿಯಾಣದ ಯಮುನಾನಗರ, ರಬ್ಬರ್ ಇದ್ದ ಕೇರಳದ ಪೆರುಂಬಾವೂರು ಪ್ಲೈವುಡ್ ಪೇಟೆಗಳಾದವು. ದೊಡ್ಡ ಎಂಡಿಎಫ್ ಪ್ಲಾಂಟುಗಳು ಅದೇ ಜಾಡಿನಲ್ಲಿ ಬಂದವು: 2010ರಲ್ಲಿ ಉತ್ತರಾಖಂಡದ ಪಂತನಗರದಲ್ಲಿ ವರ್ಷಕ್ಕೆ 1,80,000 ಘನ ಮೀಟರ್ ಸಾಮರ್ಥ್ಯದ್ದು, 2017ರಲ್ಲಿ ಪಂಜಾಬಿನ ಹೋಶಿಯಾರ್‌ಪುರದಲ್ಲಿ ದಿನಕ್ಕೆ 600 ಘನ ಮೀಟರಿನದ್ದು, 2018ರಲ್ಲಿ ಆಂಧ್ರದ ಶ್ರೀಕಾಳಹಸ್ತಿ ಬಳಿ ವರ್ಷಕ್ಕೆ 3,60,000 ಘನ ಮೀಟರಿನದ್ದು.

ನಮ್ಮ ಚಿಕ್ಕಮಗಳೂರಿನ ಅಂಬಳೆ ಕೈಗಾರಿಕಾ ಪ್ರದೇಶದ ಪ್ಲಾಂಟು ಇವುಗಳ ನಡುವೆ ಚಿಕ್ಕದು. 2010ರ ದಶಕದ ಆರಂಭದಲ್ಲಿ ಶುರುವಾದದ್ದು, ದಿನಕ್ಕೆ 300 ಘನ ಮೀಟರ್, ವರ್ಷಕ್ಕೆ ಸುಮಾರು 90,000. ಅದೇ ಕಂಪನಿ ತನ್ನ ಎರಡನೇ ಎಂಡಿಎಫ್ ಪ್ಲಾಂಟನ್ನು ದಿನಕ್ಕೆ 800 ಘನ ಮೀಟರ್ ಸಾಮರ್ಥ್ಯದಲ್ಲಿ ಕಟ್ಟಿತು. ಕಟ್ಟಿದ್ದು ಕರ್ನಾಟಕದಲ್ಲಿ ಅಲ್ಲ, ವಿಶಾಖಪಟ್ಟಣದ ಹತ್ತಿರ. ಅಲ್ಲಿ ಬಂದರು ಇದೆ. ಅದಕ್ಕಿಂತ ಮುಖ್ಯವಾಗಿ, ಆಂಧ್ರದ ರೈತರ ಹೊಲಗಳಲ್ಲಿ ನೀಲಗಿರಿ, ಸುಬಾಬುಲ್, ಸರ್ವೆ ದಂಡಿಯಾಗಿವೆ. ಭದ್ರಾಚಲಂ ಕಾಗದ ಕಾರ್ಖಾನೆಯವರು ಅಭಿವೃದ್ಧಿಪಡಿಸಿದ ನೀಲಗಿರಿ ಕ್ಲೋನ್ ಸಸಿಗಳು ಮೂರು ದಶಕದಿಂದ ಅಲ್ಲಿನ ಹೊಲಗಳಲ್ಲಿವೆ. ಒಂದೇ ಹೊಲಕ್ಕೆ ಕಾಗದದವನೂ ಬರುತ್ತಾನೆ, ಬೋರ್ಡಿನವನೂ ಬರುತ್ತಾನೆ.

ಹಾಗಾದರೆ ನಮ್ಮಲ್ಲಿ ಯಾಕಿಲ್ಲ? ನಮ್ಮಲ್ಲೂ ನೀಲಗಿರಿ ಇತ್ತು, ಬೇಕಾದಷ್ಟಿತ್ತು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಕೋಲಾರ, ತುಮಕೂರು ಕಡೆ ರಾಗಿ ಹೊಲಗಳೇ ತೋಪಾದವು. ಅದರ ವಿರುದ್ಧ ಎದ್ದವರೂ ಇಲ್ಲಿಯವರೇ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಡೆಯಿತು. ಊರ ದನ ಮೇಯುವ, ಸೌದೆ ಆರಿಸುವ ಸಾಮೂಹಿಕ ಜಮೀನನ್ನು ಹರಿಹರದ ಕಾರ್ಖಾನೆಯ ಪಾಲುದಾರಿಕೆಯ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟಿದ್ದನ್ನು ವಿರೋಧಿಸಿ ನೀಲಗಿರಿ ಕಿತ್ತು, ಜನರಿಗೆ ಬೇಕಾದ ಗಿಡ ಹಚ್ಚಿದರು. ಶಿವರಾಮ ಕಾರಂತರು ಆ ಹೋರಾಟದ ಜೊತೆ ಸುಪ್ರೀಂ ಕೋರ್ಟಿಗೂ ಹೋದರು. 1991ರಲ್ಲಿ ಆ ಕಂಪನಿ ಮುಚ್ಚಿತು. 2017ರಲ್ಲಿ ರಾಜ್ಯ ಸರ್ಕಾರ ಅಂತರ್ಜಲದ ಕಾರಣ ಕೊಟ್ಟು ಹೊಸದಾಗಿ ನೀಲಗಿರಿ, ಅಕೇಶಿಯ ನೆಡುವುದನ್ನೇ ನಿಷೇಧಿಸಿತು.

ಈ ಹೋರಾಟಗಳಲ್ಲಿ ಹೆಚ್ಚಿನವು ಕಾಗದ ಮತ್ತು ರೇಯಾನ್ ಮಿಲ್ಲುಗಳ ಕಾಲದವು, ಬೋರ್ಡಿನ ಹೆಸರೂ ಆಗ ಇರಲಿಲ್ಲ. ಆದರೆ ಆಂಧ್ರದಲ್ಲಿ ಕೊಂಬೆ-ಗಳ ಸಿಗುವುದೂ ಇಲ್ಲಿ ಸಿಗದಿರುವುದೂ ಈ ಚರಿತ್ರೆಯ ಫಲ. ಉತ್ಪಾದನೆಯ ಪಟ್ಟಿಯಲ್ಲಿ ಕರ್ನಾಟಕ ಹಿಂದೆ ಎಂದು ಬರೆಯುವಾಗ ಅದು ಸೋಲು ಎಂಬಂತೆ ಬರೆದುಬಿಡುತ್ತೇವೆ. ಕುಸನೂರಿನವರನ್ನು ಕೇಳಿದರೆ ಬೇರೆ ಹೇಳಬಹುದು.

ಒಂದು ಕೈಲೆಕ್ಕ ಹಾಕಿದೆ, ನೀವೂ ಹಾಕಿ ನೋಡಿ. ಒಂದು ಘನ ಮೀಟರ್ ಎಂಡಿಎಫ್ ಸುಮಾರು 750 ಕಿಲೋ ತೂಗುತ್ತದೆ. ಅಂಟಿನ ತೂಕ ಕಳೆದು, ಹಸಿ ಮರದ ನೀರಿನ ಅಂಶ ಮತ್ತು ತ್ಯಾಜ್ಯ ಕೂಡಿಸಿದರೆ ಅಂದಾಜು 1.3 ಟನ್ ಹಸಿ ಮರ ಬೇಕು. 90,000 ಘನ ಮೀಟರಿಗೆ ಸುಮಾರು 1,17,000 ಟನ್. ಮಳೆ ನೆಚ್ಚಿದ ಹೊಲದಲ್ಲಿ ಆರು ವರ್ಷಕ್ಕೆ ಎಕರೆಗೆ 20 ಟನ್ ಎಂದು ಹಿಡಿಯಿರಿ. ವರ್ಷಕ್ಕೆ ಹತ್ತಿರ ಹತ್ತಿರ 6,000 ಎಕರೆ ಕಡಿಯಬೇಕು. ಪ್ರತಿ ವರ್ಷ ಅಷ್ಟು ಸಿಗಬೇಕೆಂದರೆ 35,000 ಎಕರೆ ತೋಪು ಯಾವಾಗಲೂ ನಿಂತಿರಬೇಕು. ನಮ್ಮ ಪಟ್ಟಿಯಲ್ಲಿ ಚಿಕ್ಕದು ಎನ್ನಿಸಿಕೊಂಡ ಪ್ಲಾಂಟಿನ ಹಸಿವೆ ಇಷ್ಟು. ಶ್ರೀಕಾಳಹಸ್ತಿಯದಕ್ಕೆ ಇದರ ನಾಲ್ಕು ಪಟ್ಟು. ಒಂದು ಪ್ಲಾಂಟು ಬಂತು ಎಂದು ಬರೆಯುವಾಗ ಅದರ ಹಿಂದಿರುವ ಈ ಎಕರೆಗಳನ್ನು ನಾವು ಬರೆಯುವುದೇ ಇಲ್ಲ.

ಇನ್ನು ದೊಡ್ಡಪ್ಪನ ಪ್ರಶ್ನೆ. ಮಿಲ್ಲು ದೊಡ್ಡದಾದರೆ ಮರದ ಬೆಲೆ ಏರಬೇಕಲ್ಲವೇ? ಏರುತ್ತದೆ, ಆದರೆ ಎಲ್ಲ ಕಡೆ ಅಲ್ಲ, ಎಲ್ಲ ಕಾಲಕ್ಕೂ ಅಲ್ಲ. ಹೊಸ ಪ್ಲಾಂಟುಗಳು ಸಾಲಾಗಿ ಶುರುವಾದ 2022-24ರ ಸುಮಾರಿಗೆ ದೇಶದಲ್ಲಿ ಮರದ ಬೆಲೆ ಚೆನ್ನಾಗಿಯೇ ಏರಿತು. ಅದನ್ನು ನೋಡಿ ನೆಡುವವರು ಇದ್ದಾರೆ. ಅವರು 1980ರ ದಶಕದ ಕೊನೆಯ ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶವನ್ನು ನೆನೆಯಬೇಕು. ಬೆಲೆ ಇದೆ ಎಂದು ಸಾವಿರಾರು ರೈತರು ಒಟ್ಟಿಗೇ ನೀಲಗಿರಿ ಹಾಕಿದರು, ಒಟ್ಟಿಗೇ ಕಡಿತಕ್ಕೆ ಬಂತು, ಬೆಲೆ ಕುಸಿಯಿತು, ಬೇರು ಸಮೇತ ಕಿತ್ತು ಗೋಧಿಗೆ ಮರಳಿದರು. ಆಗ ಕಾಗದದ ಮಿಲ್ಲುಗಳಿಗೆ ಸರ್ಕಾರಿ ಕಾಡಿನ ಮರ ಅಗ್ಗಕ್ಕೆ ಸಿಗುತ್ತಿತ್ತು, ರೈತನ ಮರಕ್ಕೆ ಅವರು ಕಾಯಬೇಕಿರಲಿಲ್ಲ. ರಾಗಿಯಾದರೆ ಮುಂದಿನ ವರ್ಷ ಬೇರೆ ಬಿತ್ತಬಹುದು. ಮರ ಹಾಕಿದವನು ಆರು ವರ್ಷದ ಮುಂದಿನ ಬೆಲೆಯನ್ನು ಇವತ್ತೇ ನಂಬಬೇಕು.

ಎರಡನೆಯದು ದೂರ. ಬೋರ್ಡ್ ಸಾವಿರಾರು ಮೈಲಿ ಹಡಗಿನಲ್ಲಿ ಹೋಗುತ್ತದೆ, ಹಸಿ ಮರ ಅಷ್ಟು ದೂರ ಹೋಗುವುದಿಲ್ಲ. ಅದರ ತೂಕದಲ್ಲಿ ಅರ್ಧದಷ್ಟು ನೀರು, ಆ ನೀರಿಗೂ ಲಾರಿ ಬಾಡಿಗೆ ತೆರಬೇಕು. ಅಂದರೆ ದೊಡ್ಡಪ್ಪನ ಪಾಲಿಗೆ ದೇಶದಲ್ಲಿ ಎಷ್ಟು ಪ್ಲಾಂಟುಗಳಿವೆ ಎನ್ನುವುದಕ್ಕಿಂತ ಲಾರಿ ಹೋಗಿಬರುವಷ್ಟು ದೂರದಲ್ಲಿ ಎಷ್ಟು ಜನ ಕೊಳ್ಳುವವರಿದ್ದಾರೆ ಎನ್ನುವುದು ಮುಖ್ಯ. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ 2015ರ ಸುಮಾರಿಗೆ ಉತ್ಪಾದನೆ ನಿಲ್ಲಿಸಿದಾಗ ನಮ್ಮ ಭಾಗಕ್ಕೆ ಒಬ್ಬ ಕೊಳ್ಳುವವನು ಕಡಿಮೆಯಾದ. ಮೂರನೆಯದು, ಮಿಲ್ಲಿನವನೂ ಬೆಲೆಯನ್ನು ತನ್ನಿಷ್ಟಕ್ಕೆ ಏರಿಸಲಾರ. ವಿಯೆಟ್ನಾಂ, ಥಾಯ್ಲೆಂಡ್, ಮಲೇಷ್ಯಾದ ಬೋರ್ಡು ಬಂದರಿನಲ್ಲಿ ಇಳಿಯುವ ಬೆಲೆ ಅವನ ತಲೆ ಮೇಲಿರುತ್ತದೆ. ಥಾಯ್ಲೆಂಡಿನ ಮುದಿ ರಬ್ಬರ್ ಮರಕ್ಕೂ ಕಡೂರಿನ ಕೂಳೆ ನೀಲಗಿರಿಗೂ ಇರುವ ನಂಟು ಇದು. ಪ್ರದೇಶಗಳ ಹೋಲಿಕೆ ದೊಡ್ಡಪ್ಪನಂಥವರಿಗೆ ಬೇಕಾಗಿರುವುದು ಈ ಕಾರಣಕ್ಕೆ.

ನಾಲ್ಕನೆಯದು, ಏರಿದ ಬೆಲೆ ಯಾರ ಕೈಗೆ ಬರುತ್ತದೆ ಎನ್ನುವುದು. ನಮ್ಮ ಕಡೆ ಎರಡು-ಮೂರು ಎಕರೆಯವರು ಸಾಮಾನ್ಯವಾಗಿ ತೋಪನ್ನು ನಿಂತ ಹಾಗೇ ವ್ಯಾಪಾರಿಗೆ ಒಟ್ಟು ದುಡ್ಡಿಗೆ ಮಾತಾಡುತ್ತಾರೆ. ಕಡಿಯುವ ಆಳು, ಲಾರಿ, ವೇಬ್ರಿಡ್ಜಿನ ಚೀಟಿ, ಎಲ್ಲ ಅವನದೇ. ದೊಡ್ಡಪ್ಪನ ತೋಪಿನಲ್ಲಿ ಎಷ್ಟು ಟನ್ ಬಂತು ಎಂದು ಎರಡು ಕಡಿತವಾದರೂ ದೊಡ್ಡಪ್ಪನಿಗೆ ಗೊತ್ತಿಲ್ಲ. ಹೀಗಿರುವಾಗ ಟನ್ನಿನ ಬೆಲೆ ಏರಿದ ಸುದ್ದಿ ಅವರ ಪಾಲಿಗೆ ಯಾರದೋ ಮನೆಯ ಸುದ್ದಿ. ಮುಂದಿನ ಸಲ ಕನಿಷ್ಠ ಲೋಡಿನ ಲೆಕ್ಕದಲ್ಲಿ ಮಾತಾಡಿ, ತೂಕದ ಚೀಟಿ ಕೇಳಿ ಎಂದು ಹೇಳಿದ್ದೇನೆ. ಕಡಿದ ಮರ ರಸ್ತೆ ಬದಿ ಬಿದ್ದಷ್ಟು ದಿನವೂ ಒಣಗಿ ತೂಕ ಇಳಿಯುತ್ತದೆ, ಹಾಗಾಗಿ ಕಡಿದ ವಾರದೊಳಗೆ ತೂಗಿಸಿ ಎಂದೂ.

ನೀಲಗಿರಿ ಬೇಡವಾದರೆ ಬೋರ್ಡಿಗೆ ಬೇರೆ ನಾರು ಇಲ್ಲವೇ ಎಂದು ಕೇಳುವವರಿದ್ದಾರೆ. ಕಬ್ಬಿನ ಸಿಪ್ಪೆ, ಹತ್ತಿ ಕಡ್ಡಿ, ತೆಂಗಿನ ನಾರು, ಎಲ್ಲದರಿಂದಲೂ ಆಗುತ್ತದೆ. ಬೆಂಗಳೂರಿನಲ್ಲಿ 1962ರಲ್ಲಿ ಶುರುವಾದ ಪ್ಲೈವುಡ್ ಸಂಶೋಧನಾ ಸಂಸ್ಥೆ ಇಂಥ ಕೆಲಸಕ್ಕೆ ಹೆಸರಾದದ್ದು. ಆದರೆ ನಮ್ಮ ಸಕ್ಕರೆ ಕಾರ್ಖಾನೆಗಳು ಸಿಪ್ಪೆಯನ್ನು ಸುಟ್ಟು ವಿದ್ಯುತ್ ಮಾಡಿ ಮಾರುತ್ತವೆ, ಅದು ಈಗ ಉಳಿಕೆಯಾಗಿ ಉಳಿದಿಲ್ಲ. ಭತ್ತದ ಹುಲ್ಲಿನಿಂದ ಎಂಡಿಎಫ್ ಮಾಡಲು ಕ್ಯಾಲಿಫೋರ್ನಿಯಾದಲ್ಲಿ 2020ರ ಸುಮಾರಿಗೆ ಭಾರಿ ಬಂಡವಾಳದ ಕಾರ್ಖಾನೆ ಶುರುವಾಗಿ ಮರುವರ್ಷವೇ ದಿವಾಳಿ ಅರ್ಜಿ ಹಾಕಿತು. ಹುಲ್ಲು ಸಿಗುವುದು ವರ್ಷಕ್ಕೊಂದು ಸುಗ್ಗಿಯಲ್ಲಿ, ಕಾರ್ಖಾನೆ ನಡೆಯಬೇಕಾದ್ದು ಮುನ್ನೂರು ದಿನ. ಕೂಡಿಡಲು ಜಾಗ, ಮಳೆಯಿಂದ ಕಾಪಾಡಲು ಸೂರು, ಜೊತೆಗೆ ಹುಲ್ಲಿನ ಸಿಲಿಕಾದಿಂದ ಸವೆಯುವ ಬ್ಲೇಡು. ಹೇಳಿದಷ್ಟು ಸುಲಭ ಅಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ನೋಟ್‌ಬುಕ್ಕಿನಲ್ಲಿ ಕೆಲವು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ಇನ್ನು ಮುಂದೆ ಯಾವ ಜಿಲ್ಲೆಗೆ ಮರದ ಕಾರ್ಖಾನೆ ಬಂದರೂ, ಘನ ಮೀಟರಿನ ಜೊತೆಗೆ ಇವನ್ನೂ ಕೇಳುವುದು. ಹೇಳುತ್ತಿರುವುದು ಸಾಮರ್ಥ್ಯವೋ ಉತ್ಪಾದನೆಯೋ? ವರ್ಷಕ್ಕೆ ಎಷ್ಟು ಟನ್ ಮರ, ಎಷ್ಟು ದೂರದಿಂದ? ಅದರಲ್ಲಿ ರೈತನಿಂದ ನೇರ ಎಷ್ಟು, ವ್ಯಾಪಾರಿಯಿಂದ ಎಷ್ಟು? ಬೆಲೆ ಬಿದ್ದರೆ ಇಂತಿಷ್ಟಕ್ಕೆ ಕೊಳ್ಳುತ್ತೇವೆ ಎಂಬ ಬರಹದ ಒಪ್ಪಂದ ಇದೆಯೇ? ಮತ್ತು ಆ ಮರ ಬರುವ ಮೊದಲು ಆ ಹೊಲದಲ್ಲಿ ಏನಿತ್ತು, ಹೋದ ಮೇಲೆ ಏನು ಬರುತ್ತದೆ?

ಕೊನೆಯ ಪ್ರಶ್ನೆ ನನ್ನನ್ನು ಕಾಡುತ್ತಿದೆ. ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, ಅರ್ಧ ನನ್ನ ಮಾತು, ಅರ್ಧ ಅವರ ಲೆಕ್ಕ ಎಂಬಂತೆ ತೀರ್ಮಾನ ಮಾಡಿದರು. ಒಂದೂವರೆ ಎಕರೆ ಇಟ್ಟುಕೊಂಡಿದ್ದಾರೆ, ಮೂರನೇ ಕಡಿತಕ್ಕೆ. ಉಳಿದ ಒಂದೂವರೆ ಎಕರೆಯ ಬುಡವನ್ನು ಜೆಸಿಬಿ ತರಿಸಿ ಕೀಳಿಸಿದರು. ನೀಲಗಿರಿ ನೀರು ಕುಡಿಯುತ್ತದೆ ಎಂದು ಊರೆಲ್ಲ ಹೇಳುತ್ತಿದ್ದುದು ಸರಿಯೇ ಇರಬಹುದು. ಈಗ ಅಲ್ಲಿ ಅಡಿಕೆ ಸಸಿ ಇದೆ, ಅದಕ್ಕೆಂದು ಹೊಸದಾಗಿ ಕೊರೆಸಿದ ಬೋರ್‌ವೆಲ್ ಇದೆ. ನೀಲಗಿರಿಗೆ ಅವರು ಒಂದು ದಿನವೂ ಮೋಟಾರ್ ಹಾಕಿರಲಿಲ್ಲ.